ಬ್ಯಾಕ್ಟೀರಿಯಾ ಮರೆಯದ ಹಗೆ

ಬ್ಯಾಕ್ಟೀರಿಯಾಕ್ಕೂ ಸೋಂಕು ತಗಲುತ್ತದೆ! ಕಣ್ಣಿಗೆ ಕಾಣದ, ಒಂದೇ ಜೀವಕೋಶದ ಆ ಜೀವಿಯನ್ನೂ ಬೇಟೆಯಾಡುವ ವೈರಸ್‌ಗಳಿವೆ. ಫೇಜ್ ಎಂದು ಅವುಗಳ ಹೆಸರು. ಕೆರೆಯ ನೀರು, ಗದ್ದೆಯ ಕೆಸರು, ಕಡಲು, ನಮ್ಮದೇ ಕರುಳು, ಎಲ್ಲೆಲ್ಲೂ ಈ ಕ್ಷಣವೂ ಆ ಬೇಟೆ ನಡೆದಿದೆ. ಫೇಜ್ ಬಂದು ಬ್ಯಾಕ್ಟೀರಿಯಾದ ಮೈಮೇಲೆ ಕೂರುತ್ತದೆ, ತನ್ನ ಡಿಎನ್‌ಎಯನ್ನು ಒಳಕ್ಕೆ ಚುಚ್ಚುತ್ತದೆ. ಅರ್ಧ ಗಂಟೆಯೊಳಗೆ ಬ್ಯಾಕ್ಟೀರಿಯಾ ಒಡೆದು ನೂರಾರು ಹೊಸ ಫೇಜ್‌ಗಳು ಹೊರಬೀಳಬಹುದು. ಕೋಟ್ಯಂತರ ವರ್ಷಗಳಿಂದ ಸಾಗಿಬಂದ ಈ ಕಾಳಗದಲ್ಲಿ ಉಳಿದುಕೊಂಡ ಅನೇಕ ಬ್ಯಾಕ್ಟೀರಿಯಾಗಳು ಒಂದು ವಿದ್ಯೆ ಕಲಿತವು. ಮೇಲೆರಗಿದ ವೈರಸ್ಸಿನ ಡಿಎನ್‌ಎಯ ಚೂರೊಂದನ್ನು ಕಿತ್ತು ತಮ್ಮ ಡಿಎನ್‌ಎಯೊಳಗೇ ಸೇರಿಸಿಟ್ಟುಕೊಳ್ಳುವ ವಿದ್ಯೆ! ಪೊಲೀಸ್ ಠಾಣೆಯ ಗೋಡೆಯ ಮೇಲೆ ತಲೆಮರೆಸಿಕೊಂಡ ಆರೋಪಿಗಳ ಫೋಟೊಗಳನ್ನು ಸಾಲಾಗಿ ಅಂಟಿಸಿರುತ್ತಾರಲ್ಲ, ಹಾಗೆ. ಅದೇ ವೈರಸ್ ಮತ್ತೆ ಬಂದರೆ ಗುರುತು ಸಿಕ್ಕಿಬಿಡುತ್ತದೆ; ಕಾದು ಕುಳಿತ ಕಿಣ್ವವೊಂದು ಅದರ ಡಿಎನ್‌ಎಯನ್ನು ಅಲ್ಲೇ ತುಂಡರಿಸುತ್ತದೆ. ಬ್ಯಾಕ್ಟೀರಿಯಾ ಒಡೆದು ಎರಡಾದಾಗ ಆ ಗುರುತುಗಳೂ ಎರಡಕ್ಕೂ ಸಾಗುತ್ತವೆ. ಮಿದುಳಿಲ್ಲ, ನರವಿಲ್ಲ, ಆದರೂ ನೆನಪಿದೆ. ಅಜ್ಜಿಯ ಕಾಲದ ಹಗೆ ಮೊಮ್ಮಗಳಿಗೆ ಗೊತ್ತು!

ಈ ನೆನಪಿನ ವ್ಯವಸ್ಥೆಯ ಹೆಸರು ಕ್ರಿಸ್ಪರ್. ಇಂದು ರಕ್ತದ ಕಾಯಿಲೆಗೆ ಮದ್ದಾಗಿರುವುದು, ಭತ್ತದ ಪೈರಿನ ಒಳಹೊಕ್ಕಿರುವುದು, ಹಸುವಿನ ಹೊಟ್ಟೆಯತ್ತ ಹೊರಟಿರುವುದು ಇದೇ. ಇದರ ಬೆನ್ನುಹತ್ತಿದ ಮೊದಲಿಗರಲ್ಲಿ ಯಾರೂ ಔಷಧ ಹುಡುಕುತ್ತಿರಲಿಲ್ಲ. ಈ ಕತೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಮರುಳು ಮಾಡಿರುವುದು ಆ ಸಂಗತಿಯೇ.

1987ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದಲ್ಲಿ ಯೋಶಿಝುಮಿ ಇಶಿನೊ ಮತ್ತು ಸಂಗಡಿಗರು ಇ-ಕೊಲೈ ಬ್ಯಾಕ್ಟೀರಿಯಾದ ಒಂದು ಜೀನನ್ನು ಓದುತ್ತಿದ್ದರು. ಅದರ ಪಕ್ಕದಲ್ಲೇ 29 ಅಕ್ಷರಗಳ ಒಂದು ಸಾಲು ಬಿಟ್ಟು ಬಿಟ್ಟು ಐದು ಸಲ ಬಂದಿತ್ತು. ನಡುನಡುವೆ 32 ಅಕ್ಷರಗಳ ಬೇರೆ ಬೇರೆ ತುಣುಕುಗಳು. ಇದರ ಅರ್ಥ ತಿಳಿಯದು ಎಂದು ಪ್ರಬಂಧದ ಕೊನೆಯಲ್ಲಿ ಬರೆದು ಅವರು ಮುಂದೆ ನಡೆದರು.

ಸ್ಪೇನಿನ ಕಡಲಂಚಿನ ಸಾಂತಾ ಪೋಲಾದಲ್ಲಿ ಉಪ್ಪಿನ ಆಗರಗಳಿವೆ. ಬೇರೆ ಜೀವಿಗಳು ಬಾಡಿಹೋಗುವ ಆ ಉಪ್ಪುನೀರಿನಲ್ಲೂ ಹಾಯಾಗಿ ಬಾಳುವ ಒಂದು ಸೂಕ್ಷ್ಮಜೀವಿಯಿದೆ. ಬ್ಯಾಕ್ಟೀರಿಯಾಗಳ ದೂರದ ನೆಂಟರಾದ ಆರ್ಕಿಯಾ ಬಳಗದ್ದು ಅದು. ಪಕ್ಕದ ಅಲಿಕಾಂತೆ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಫ್ರಾನ್ಸಿಸ್ಕೊ ಮೋಹಿಕಾ ಅದರ ಡಿಎನ್‌ಎಯಲ್ಲೂ ಅಂಥದೇ ಮರುಕಳಿಸುವ ಸಾಲುಗಳನ್ನು ಕಂಡರು. ಎಲ್ಲಿಯ ಇ-ಕೊಲೈ, ಎಲ್ಲಿಯ ಉಪ್ಪಿನ ಆಗರ! ಇಷ್ಟು ದೂರದ ಎರಡು ಕುಲಗಳಲ್ಲಿ ಒಂದೇ ಬಗೆಯ ವಿನ್ಯಾಸ ಉಳಿದುಬಂದಿದ್ದರೆ ಅದಕ್ಕೊಂದು ಕೆಲಸ ಇರಲೇಬೇಕು. ಆ ಕೆಲಸ ಯಾವುದೆಂದು ತಿಳಿಯಲು ಅವರಿಗೆ ಹತ್ತು ವರ್ಷ ಹಿಡಿಯಿತು. 2003ರ ಆಗಸ್ಟ್ ತಿಂಗಳ ಸುಡುಬಿಸಿಲಿನ ರಜೆಯಲ್ಲಿ ಕಡಲತಡಿ ಬಿಟ್ಟು ತಮ್ಮ ಎ.ಸಿ. ಕೋಣೆ ಸೇರಿದ ಮೋಹಿಕಾ, ಸಾಲುಗಳ ನಡುವಿನ ತುಣುಕುಗಳನ್ನು ಒಂದೊಂದಾಗಿ ಡಿಎನ್‌ಎ ಭಂಡಾರದಲ್ಲಿ ಹುಡುಕುತ್ತ ಹೋದರು. ಒಂದು ಇ-ಕೊಲೈ ತಳಿಯ ತುಣುಕು ಪಿ1 ಎಂಬ ಫೇಜಿನ ಡಿಎನ್‌ಎಗೆ ತಾಳೆಯಾಯಿತು. ಆ ತಳಿಗೆ ಪಿ1 ಫೇಜ್ ತಗಲುವುದಿಲ್ಲ ಎಂಬುದು ಮೊದಲೇ ಗೊತ್ತಿದ್ದ ವಿಷಯ! ಒಂದು ವಾರದಲ್ಲಿ ಅವರು ಸುಮಾರು 4,500 ತುಣುಕುಗಳನ್ನು ಜಾಲಾಡಿದರು. ಗುರುತು ಹತ್ತಿದ್ದು 88ಕ್ಕೆ. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ವೈರಸ್‌ಗಳವು, ಇಲ್ಲವೇ ಕೋಶದಿಂದ ಕೋಶಕ್ಕೆ ನುಸುಳುವ ಪ್ಲಾಸ್ಮಿಡ್‌ಗಳವು.

ಆ ಕ್ಷಣವನ್ನು ಊಹಿಸಿಕೊಂಡಾಗಲೆಲ್ಲ ನನ್ನ ಮೈ ನವಿರೇಳುತ್ತದೆ. ಬ್ಯಾಕ್ಟೀರಿಯಾಕ್ಕೂ ರೋಗನಿರೋಧಕ ಶಕ್ತಿಯಿದೆ, ಅದೂ ಅನುಭವದಿಂದ ಕಲಿಯುವಂಥದ್ದು ಎಂದು ಜಗತ್ತಿನಲ್ಲಿ ಆಗ ತಿಳಿದಿದ್ದವರು ಬೆರಳೆಣಿಕೆಯಷ್ಟು ಜನ. ಮೋಹಿಕಾ ಬರೆದ ಪ್ರಬಂಧವನ್ನು ದೊಡ್ಡ ವಿಜ್ಞಾನ ಪತ್ರಿಕೆಗಳು ಹಿಂದಿರುಗಿಸಿದವು. ಅಲೆದಲೆದು ಕೊನೆಗೆ ಅದು ಅಚ್ಚಾದದ್ದು 2005ರಲ್ಲಿ.

ಮುಂದಿನದು ನಾಗಾಲೋಟ. 2007ರಲ್ಲಿ ಡಾನಿಸ್ಕೊ ಎಂಬ ಆಹಾರ ಕಂಪನಿಯ ರೊಡಾಲ್ಫ್ ಬರಾಂಗು, ಫಿಲಿಪ್ ಹೊರ್ವಾತ್ ಮತ್ತು ಸಂಗಡಿಗರು ಮೊಸರು, ಚೀಸ್ ತಯಾರಿಕೆಯಲ್ಲಿ ಬಳಸುವ ಬ್ಯಾಕ್ಟೀರಿಯಾದ ಮೇಲೆ ಫೇಜ್ ಬಿಟ್ಟು ನೋಡಿದರು. ಬದುಕಿದವುಗಳ ಡಿಎನ್‌ಎಯಲ್ಲಿ ಆ ಫೇಜಿನ ಹೊಸ ತುಣುಕು ಬಂದು ಕೂತಿತ್ತು. ತುಣುಕನ್ನು ತೆಗೆದರೆ ರಕ್ಷಣೆ ಹೋಯಿತು, ಹಾಕಿದರೆ ಬಂತು. ಕ್ಯಾಲಿಫೋರ್ನಿಯಾದ ಹಳೆಯ ಗಣಿಯೊಂದರ ಆಮ್ಲ ತುಂಬಿದ ನೀರಿನ ಸೂಕ್ಷ್ಮಜೀವಿಗಳಲ್ಲೂ ಇವೇ ಸಾಲುಗಳನ್ನು ಕಂಡ ಪರಿಸರ ವಿಜ್ಞಾನಿ ಜಿಲಿಯನ್ ಬ್ಯಾನ್‌ಫೀಲ್ಡ್, ಅಷ್ಟು ಹೊತ್ತಿಗಾಗಲೇ ಬರ್ಕ್ಲಿಯ ಆರ್‌ಎನ್‌ಎ ತಜ್ಞೆ ಜೆನಿಫರ್ ಡೌಡ್ನಾ ಅವರಿಗೆ ಫೋನ್ ಮಾಡಿದ್ದರು. ಅತ್ತ ಎಮಾನ್ಯುಯೆಲ್ ಶಾರ್ಪಾಂಟಿಯೆ ಗಂಟಲುಬೇನೆ ತರುವ ಒಂದು ಬ್ಯಾಕ್ಟೀರಿಯಾವನ್ನು ಬಿಡಿಸಿ ನೋಡುತ್ತಿದ್ದರು. 2011ರಲ್ಲಿ ಪೋರ್ಟೊ ರಿಕೊದ ಸಮ್ಮೇಳನವೊಂದರಲ್ಲಿ ಈ ಇಬ್ಬರೂ ಭೇಟಿಯಾದರು. 2012ರಲ್ಲಿ ಅವರ ಪ್ರಬಂಧ ಬಂತು, 2020ರಲ್ಲಿ ರಸಾಯನಶಾಸ್ತ್ರದ ನೊಬೆಲ್.

ಅವರು ತೋರಿಸಿದ್ದು ಇಷ್ಟು: ಬ್ಯಾಕ್ಟೀರಿಯಾದ ಕ್ಯಾಸ್9 ಎಂಬ ಕಿಣ್ವದ ಕೈಗೆ ವೈರಸ್ಸಿನ ಗುರುತಿನ ಬದಲು ನಮಗೆ ಬೇಕಾದ 20 ಅಕ್ಷರಗಳ ಆರ್‌ಎನ್‌ಎ ಕೊಟ್ಟರೆ, ಅದು ಡಿಎನ್‌ಎಯಲ್ಲಿ ಆ 20 ಅಕ್ಷರಗಳಿರುವ ಜಾಗವನ್ನು ಹುಡುಕಿಕೊಂಡು ಹೋಗಿ ಕತ್ತರಿಸುತ್ತದೆ. ಕೇವಲ 20! ನಾಲ್ಕೇ ನಾಲ್ಕು ಅಕ್ಷರಗಳ ಲಿಪಿಯಲ್ಲಿ 20 ಅಕ್ಷರಗಳ ಪದಗಳನ್ನು ಸುಮಾರು 1.1 ಲಕ್ಷ ಕೋಟಿ ಬಗೆಯಲ್ಲಿ ಬರೆಯಬಹುದು. ಮನುಷ್ಯನ ಇಡೀ ಜೀನೋಮ್ ಇರುವುದು 300 ಕೋಟಿ ಅಕ್ಷರಗಳಷ್ಟು. ಹಾಗಾಗಿ ಚೆನ್ನಾಗಿ ಆರಿಸಿದ 20 ಅಕ್ಷರಗಳಿಂದ ಅಷ್ಟೂ ಉದ್ದದಲ್ಲಿ ಒಂದೇ ಒಂದು ಜಾಗವನ್ನು ಬೊಟ್ಟು ಮಾಡಿ ತೋರಿಸಬಹುದು. ಹೆಚ್ಚುಕಡಿಮೆ ಅದೇ ರೀತಿ ಕಾಣುವ ಬೇರೆ ಜಾಗದಲ್ಲಿ ಕಿಣ್ವ ಎಡವಿ ಕತ್ತರಿಸುವುದೂ ಉಂಟು. ಅದನ್ನು ತಡೆಯುವ ದುಡಿಮೆ ಇನ್ನೂ ನಡೆದಿದೆ.

ಈಗ ರಕ್ತಕ್ಕೆ ಬರೋಣ. ಸಿಕಲ್ ಸೆಲ್ ಕಾಯಿಲೆಯಲ್ಲಿ ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ ಮೂಳೆಯಲ್ಲಿ ತಡೆಯಲಾರದ ನೋವು. ಹಿಮೋಗ್ಲೋಬಿನ್‌ನ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದೇ ಇದಕ್ಕೆ ಕಾರಣ. ಹಾಗಾದರೆ ಆ ಅಕ್ಷರವನ್ನು ತಿದ್ದಿದರಾಯಿತಲ್ಲ? ಇಲ್ಲಿಯೇ ವಿಜ್ಞಾನಿಗಳು ಬೇರೆಯ ದಾರಿ ಹಿಡಿದದ್ದು. 1948ರಲ್ಲಿ ನ್ಯೂಯಾರ್ಕಿನ ವೈದ್ಯೆ ಜಾನೆಟ್ ವಾಟ್ಸನ್ ಒಂದು ಸೂಕ್ಷ್ಮವನ್ನು ಗಮನಿಸಿದ್ದರು: ಈ ಕಾಯಿಲೆ ಹೊತ್ತು ಹುಟ್ಟಿದ ಹಸುಗೂಸುಗಳ ರಕ್ತದಲ್ಲಿ ಬಾಗಿದ ಕಣಗಳು ತೀರಾ ಕಡಿಮೆ. ಯಾಕೆಂದರೆ ಗರ್ಭದಲ್ಲಿರುವಾಗ ಮಗುವಿಗೆ ಬೇರೆಯದೇ ಒಂದು ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಕೆಲವು ತಿಂಗಳಲ್ಲಿ ದೇಹ ಅದರ ತಯಾರಿಕೆಯನ್ನು ನಿಲ್ಲಿಸುತ್ತದೆ. ಅದು ನಿಲ್ಲದೇ ಹೋದರೆ? ನಿಲ್ಲಿಸುವ ಕೆಲಸ ಬಿಸಿಎಲ್11ಎ ಎಂಬ ಜೀನಿನದು ಎಂದು 2008ರ ಹೊತ್ತಿಗೆ ಸ್ಟುವರ್ಟ್ ಆರ್ಕಿನ್ ಮತ್ತು ವಿಜಯ್ ಶಂಕರನ್ ಅವರ ತಂಡ ಹಾರ್ವರ್ಡ್‌ನಲ್ಲಿ ತೋರಿಸಿಕೊಟ್ಟಿತು.

ರೋಗಿಯ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ರಕ್ತಕಣಗಳಲ್ಲಿ ಆ ಜೀನನ್ನು ಚುರುಕುಗೊಳಿಸುವ ಪುಟ್ಟ ಭಾಗವನ್ನು ಕ್ಯಾಸ್9ರಿಂದ ಕತ್ತರಿಸಿ, ಕೋಶಗಳನ್ನು ಮತ್ತೆ ಮೈಗೆ ಸೇರಿಸುತ್ತಾರೆ. ತಪ್ಪಾದ ಅಕ್ಷರವನ್ನು ಯಾರೂ ಮುಟ್ಟುವುದಿಲ್ಲ, ಅದು ತಪ್ಪಾಗಿಯೇ ಉಳಿಯುತ್ತದೆ. ಆದರೆ ತಾಯಿಯ ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ ವರ್ಷಾನುಗಟ್ಟಲೆಯ ನಂತರ ಮತ್ತೆ ಹರಿಯತೊಡಗುತ್ತದೆ! ಕ್ಯಾಸ್ಜೆವಿ ಎಂಬ ಈ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಅಮೆರಿಕದ ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ 31 ಮಂದಿಯ ಪೈಕಿ 29 ಮಂದಿಗೆ ಕನಿಷ್ಠ ಒಂದು ವರ್ಷ ಕಾಲ ತೀವ್ರ ನೋವಿನ ಸಂಕಟ ಒಮ್ಮೆಯೂ ಬರಲಿಲ್ಲ.

ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ: ಅಮೆರಿಕದಲ್ಲಿ 22 ಲಕ್ಷ ಡಾಲರ್. ಜೊತೆಗೆ ಅಸ್ಥಿಮಜ್ಜೆಯನ್ನು ಬರಿದು ಮಾಡುವ ಕಟುವಾದ ಕಿಮೊಥೆರಪಿ. ನಮ್ಮ ದೇಶದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಕರ್ನಾಟಕದಲ್ಲಿ ಜೇನುಕುರುಬರ ಹಾಡಿಗಳಲ್ಲಿ, ಸೋಲಿಗರ ಪೋಡುಗಳಲ್ಲಿ ಇದು ಇಂದಿಗೂ ಇದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನದ ರಾಜ್ಯಗಳಲ್ಲಿ ನಮ್ಮದೂ ಒಂದು. ಜಗತ್ತಿನ ಅತಿ ದುಬಾರಿ ಮದ್ದುಗಳಲ್ಲೊಂದು ಬೇಕಾಗಿರುವುದು ಅತಿ ಬಡವರಿಗೆ! ಅದಕ್ಕೇ ದೆಹಲಿಯ ಸಿಎಸ್‌ಐಆರ್-ಐಜಿಐಬಿ ಸಂಸ್ಥೆ ಬಿರ್ಸಾ ಮುಂಡಾ ಹೆಸರಿನಲ್ಲಿ ರೂಪಿಸಿರುವ ‘ಬಿರ್ಸಾ 101’ ಚಿಕಿತ್ಸೆಯ ಮೇಲೆ ನಾನು ಕಣ್ಣಿಟ್ಟು ಕೂತಿದ್ದೇನೆ. 2025ರ ನವೆಂಬರಿನಲ್ಲಿ ಅದನ್ನು ಪ್ರಕಟಿಸಲಾಯಿತು. ಅಲ್ಲಿಯ ವಿಜ್ಞಾನಿಗಳು ಕಡಿಮೆ ಖರ್ಚಿನ ದೇಶೀ ಕ್ರಿಸ್ಪರ್‌ಗಾಗಿ ವರ್ಷಗಳಿಂದ ದುಡಿಯುತ್ತಿದ್ದಾರೆ. ಆಸ್ಪತ್ರೆಯ ಹಾಸಿಗೆಗಳಲ್ಲಿ ಅದು ಪರೀಕ್ಷೆಗೊಳಗಾಗಿ ಗೆಲ್ಲಬೇಕಿದೆ.

ಇನ್ನು ಒಂದು ಮಗುವಿನ ಕತೆ ಕೇಳಿ. 2024ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಗಂಡುಮಗುವೊಂದರ ಯಕೃತ್ತಿಗೆ ಅಮೋನಿಯವನ್ನು ಹೊರಹಾಕುವ ಶಕ್ತಿಯೇ ಇರಲಿಲ್ಲ. ಊಟದಲ್ಲಿನ ಪ್ರೋಟೀನೇ ವಿಷ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ರೆಬೆಕಾ ಅಹ್ರೆನ್ಸ್-ನಿಕ್ಲಸ್ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಿರಣ್ ಮುಸುನೂರು ಆ ಒಂದು ಮಗುವಿನ ಒಂದು ಅಕ್ಷರದ ದೋಷಕ್ಕೆಂದೇ ಹೊಸ ಔಷಧವನ್ನು ಕಟ್ಟಿದರು. ಡಿಎನ್‌ಎಯ ಎರಡೂ ಎಳೆಗಳನ್ನು ತುಂಡರಿಸದೆ ಒಂದಕ್ಷರವನ್ನಷ್ಟೇ ಬದಲಿಸುವ ಕ್ರಿಸ್ಪರ್ ಬಗೆ ಇದು. ಕಟ್ಟಲು ಹಿಡಿದದ್ದು ಆರೇ ತಿಂಗಳು! 2025ರ ಫೆಬ್ರವರಿಯಲ್ಲಿ ಮೊದಲ ಡೋಸ್, ಮುಂದೆ ಇನ್ನೆರಡು. ಮಗು ಮೊದಲಿಗಿಂತ ಹೆಚ್ಚು ಪ್ರೋಟೀನ್ ಅರಗಿಸಿಕೊಳ್ಳತೊಡಗಿತು, ಆ ಜೂನ್‌ನಲ್ಲಿ ಮನೆಗೆ ಹೋಯಿತು.

ಅದೇ ವರ್ಷ ಮೇ 4ರಂದು ನಮ್ಮ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಒಂದರ ಮೂಲ ಸಾಂಬಾ ಮಸೂರಿ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ತುಂಗಭದ್ರಾ ಕಾಲುವೆಯ ನೀರಿನಲ್ಲಿ ಬಿಪಿಟಿ ಎಂಬ ಹೆಸರಲ್ಲಿ ಬೆಳೆಯುತ್ತಾರಲ್ಲ, ಅದೇ. ಭತ್ತದ ಗಿಡದಲ್ಲಿ ಸೈಟೊಕೈನಿನ್ ಎಂಬ ಹಾರ್ಮೋನು ತೆನೆ ಕವಲೊಡೆಯಲು ಪ್ರಚೋದಿಸುತ್ತದೆ. ಅದನ್ನು ಕರಗಿಸಿಬಿಡುವ ಕಿಣ್ವವೊಂದೂ ಗಿಡದಲ್ಲೇ ಇದೆ. ಆ ಕಿಣ್ವ ತಗ್ಗಿದರೆ ತೆನೆಗೆ ಕಾಳು ಹೆಚ್ಚು ಎಂದು ಜಪಾನಿನ ವಿಜ್ಞಾನಿಗಳು 2005ರಲ್ಲೇ ಕಂಡಿದ್ದರು. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯವರು ಆ ಕಿಣ್ವದ ಜೀನನ್ನೇ ಕ್ರಿಸ್ಪರ್‌ನಿಂದ ಸುಮ್ಮನಾಗಿಸಿದರು. ಹಾಗೆ ಬಂದ ‘ಕಮಲಾ’ ತಳಿ ಮೂಲ ತಳಿಗಿಂತ ಶೇ 19ರಷ್ಟು ಹೆಚ್ಚು ಇಳುವರಿ ಕೊಡುತ್ತದೆ, ಸುಮಾರು 20 ದಿನ ಮೊದಲೇ ಕಟಾವಿಗೆ ಬರುತ್ತದೆ ಎಂಬುದು ಪರಿಷತ್ತಿನ ಮಾತು. ಕಾಲುವೆಯ ಕೊನೆಯ ಭಾಗದ ರೈತನಿಗೆ 20 ದಿನದ ನೀರು ಉಳಿಯುವುದೆಂದರೆ ಏನೆಂದು ಅವನನ್ನೇ ಕೇಳಬೇಕು!

ಎರಡನೆಯದು ‘ಪೂಸಾ ಡಿಎಸ್‌ಟಿ ರೈಸ್ 1’. ಇಲ್ಲಿ ಬೇರೊಂದು ಜೀನನ್ನು ಸುಮ್ಮನಾಗಿಸಿದ್ದರಿಂದ ಎಲೆಯ ಮೇಲಿನ ಪತ್ರರಂಧ್ರಗಳು ಕಡಿಮೆಯಾಗಿ ಗಿಡ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸವಳು ನೆಲವನ್ನೂ ಹೆಚ್ಚು ತಾಳಿಕೊಳ್ಳುತ್ತದೆ. ಅತಿಯಾಗಿ ನೀರು ನಿಂತು ನೆಲ ಸವಳಾದದ್ದನ್ನು ಕಣ್ಣಾರೆ ಕಂಡ ತುಂಗಭದ್ರಾ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನ ಜೀವಿಯ ಜೀನ್ ಉಳಿಯುವುದಿಲ್ಲವಾದ್ದರಿಂದ ಇಂಥ ಬೆಳೆಗಳನ್ನು ಕೇಂದ್ರ ಸರ್ಕಾರ 2022ರಲ್ಲಿ ಕುಲಾಂತರಿ ಬೆಳೆಗಳ ಬಿಗಿ ನಿಯಮಗಳಿಂದ ಹೊರಗಿಟ್ಟಿತು. ಪರೀಕ್ಷೆಯ ಅಂಕಿಅಂಶಗಳ ಬಗ್ಗೆ, ಕ್ರಿಸ್ಪರ್ ಪೇಟೆಂಟ್ ಬಗ್ಗೆ ಕುಲಾಂತರಿ ವಿರೋಧಿ ಸಂಘಟನೆಗಳು ತಕರಾರು ಎತ್ತಿವೆ. ಆ ಪ್ರಶ್ನೆಗಳಿಗೆ ಎಲ್ಲ ಲೆಕ್ಕವನ್ನೂ ಜನರ ಮುಂದಿಟ್ಟು ಉತ್ತರಿಸಬೇಕು. ಬೀಜ ಬಿತ್ತುವವನಿಗೆ ಅದು ಸಲ್ಲಬೇಕಾದ ಮರ್ಯಾದೆ.

ಹಸುವಿನ ಮೆಲುಕು ಹೊಟ್ಟೆಯಲ್ಲೂ ಆರ್ಕಿಯಾಗಳಿವೆ, ಮೋಹಿಕಾ ಕಂಡ ಉಪ್ಪಿನ ಜೀವಿಯ ಬಳಗದವೇ. ಅವು ಉಂಟುಮಾಡುವ ಮೀಥೇನ್ ತೇಗಿನೊಂದಿಗೆ ಗಾಳಿಗೆ ಸೇರಿ, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಡೌಡ್ನಾ ಕಟ್ಟಿದ ಸಂಸ್ಥೆ ಮತ್ತು ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2023ರಿಂದ 7 ಕೋಟಿ ಡಾಲರ್ ಯೋಜನೆಯೊಂದನ್ನು ನಡೆಸುತ್ತಿವೆ: ಕರು ಎಳೆಯದಾಗಿರುವಾಗಲೇ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ಕ್ರಿಸ್ಪರ್‌ನಿಂದ ತಿದ್ದಿ, ಬಾಳಿನುದ್ದಕ್ಕೂ ಮೀಥೇನ್ ತಗ್ಗಿಸಲಾದೀತೇ ಎಂಬ ಹುಡುಕಾಟ.

ಇಷ್ಟೆಲ್ಲ ಹೊರಟಿದ್ದು ಬ್ಯಾಕ್ಟೀರಿಯಾದ ಒಂದು ಆಯುಧದಿಂದ. ಬೇರೆಯವು? ಇಸ್ರೇಲಿನ ವೈಜ್ಮನ್ ಸಂಸ್ಥೆಯ ರೋಟೆಮ್ ಸೋರೆಕ್ ತಂಡ 2018ರಲ್ಲಿ ಒಂದೇ ಏಟಿಗೆ ಹೊಸ ರಕ್ಷಣಾ ವ್ಯವಸ್ಥೆಗಳ ಗೊಂಚಲನ್ನೇ ಹೊರಗೆಳೆದು, ಬೇರೆ ಬೇರೆ ನಾಡುಗಳ ಕಾವಲುದೇವತೆಗಳ ಹೆಸರಿಟ್ಟಿತು: ಥೋರಿಸ್, ಗಾಬಿಯಾ, ಜೋರ್ಯಾ. ಈಗ ಆ ಪಟ್ಟಿ ನೂರನ್ನು ದಾಟಿದೆ. 2019ರಲ್ಲಿ ಅದೇ ತಂಡ ಇನ್ನೊಂದನ್ನು ತೋರಿಸಿತು. ನಮ್ಮ ಜೀವಕೋಶದೊಳಗೆ, ಇರಬಾರದ ಕಡೆ ಡಿಎನ್‌ಎ ಕಂಡರೆ ಕೂಗೆಬ್ಬಿಸುವ ಸಿಗ್ಯಾಸ್ ಎಂಬ ಪ್ರೋಟೀನಿದೆ. ಅನೇಕ ವೈರಸ್‌ಗಳ ವಿರುದ್ಧ ನಮ್ಮ ಮೊದಲ ಎಚ್ಚರಿಕೆ ಅಲ್ಲಿಂದಲೇ ಏಳುತ್ತದೆ. ಅದರ ನೆಂಟ ಬ್ಯಾಕ್ಟೀರಿಯಾಗಳಲ್ಲೂ ಇದೆ, ಅಲ್ಲಿ ಫೇಜ್ ವಿರುದ್ಧ ದುಡಿಯುತ್ತಿದೆ, ಕೂಗುವುದಕ್ಕೆ ಬಳಸುವ ಅಣುವೂ ಹೆಚ್ಚುಕಡಿಮೆ ಅದೇ!