ಕಾರಾಪುರದ ಬಾಲಕನೂ ವಿಲಾಯಿತಿಯ ವಿಮರ್ಶಕರೂ

ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಬಹುದಾದ ಸಾಹಸಚಿತ್ರವೆಂದರೆ ಪಶ್ಚಿಮದವರಿಗೆ ಬಹುಮಟ್ಟಿಗೆ ಕುದುರೆಯ ಕಥೆಯೇ ಸರಿ. ಒಬ್ಬ ಬಾಲಕನೋ ಬಾಲಕಿಯೋ, ಯಾರಿಗೂ ಬಗ್ಗದ ಒಂದು ಕುದುರೆ, ಕೊನೆಗೊಂದು ಪಂದ್ಯ; 1944ರ ‘ನ್ಯಾಷನಲ್ ವೆಲ್ವೆಟ್’ ಆಗಲಿ, 1979ರ ‘ದಿ ಬ್ಲ್ಯಾಕ್ ಸ್ಟ್ಯಾಲಿಯನ್’ ಆಗಲಿ ಇದೇ ಜಾಡಿನವು. ಇವೆರಡಕ್ಕೂ ಮುಂಚೆಯೇ ನಮ್ಮ ಹೆಗ್ಗಡದೇವನಕೋಟೆಯ ಸೀಮೆಯಿಂದ ಇದೇ ಜಾತಿಯ ಚಿತ್ರವೊಂದು ಹೊರಟು ಲೋಕವನ್ನು ಸುತ್ತಿ ಬಂದಿತೆಂಬುದನ್ನು ನಮ್ಮ ವಾಚಕರಲ್ಲಿ ಹಲವರು ಮರೆತಿರಬಹುದು. ಅದರಲ್ಲಿ ಕುದುರೆಯಿಲ್ಲ, ಆನೆಯುಂಟು. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಎಂಬ ವಾಕ್ಚಿತ್ರವೇ ಅದು.

ಕಥೆ ಕಿಪ್ಲಿಂಗ್ ಮಹಾಶಯನದು. 1894ರ ‘ಜಂಗಲ್ ಬುಕ್’ನಲ್ಲಿರುವುದು. ಅವನು ಅದನ್ನು ಗಾರೋ ಬೆಟ್ಟಗಳಲ್ಲಿ ನಡೆಯಿಸಿದ್ದನು. ಚಿತ್ರ ತೆಗೆಯಬಂದ ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯವನ್ನು ಪಡೆದು, ಕಥೆಯನ್ನು ಕಪಿಲೆಯ ದಡಕ್ಕೆ ತಂದನು. ಕಥಾನಾಯಕ ತೂಮಾಯಿಯಾಗಿ ನಟಿಸಲು ದೊರೆತವನು ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ, ಮಾವುತನೊಬ್ಬನ ಮಗನಾದ ಸಾಬು. ತಂದೆ ತೀರಿಕೊಂಡ ಮೇಲೆ ಅರಮನೆಯ ಆನೆಲಾಯದ ನೆರಳಿನಲ್ಲಿ ಬೆಳೆಯುತ್ತಿದ್ದ ಹುಡುಗನವನು. ಕಾಲಾನಾಗನೆಂಬ ಆನೆಯ ಪಾತ್ರವನ್ನು ವಹಿಸಿದ ಐರಾವತವೂ ಅರಮನೆಯದೇ. ಹೊರಾಂಗಣದ ಚಿತ್ರಣವೆಲ್ಲ ಮುಗಿದ ಮೇಲೆ ಉಳಿದ ಭಾಗಗಳನ್ನು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಜೋಲ್ಟನ್ ಕೋರ್ಡಾ ತೆಗೆದು ಜೋಡಿಸಿದನು. ಆ ವರ್ಷ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಇಬ್ಬರಿಗೂ ಸೇರಿ ನಿರ್ದೇಶನದ ಬಹುಮಾನ ಬಂದಿತು.

ವಿಮರ್ಶಕರು ಏನೆಂದರು? ಹುಡುಗನ ಸಹಜತೆಯನ್ನೂ ಆನೆಯ ಗಾಂಭೀರ್ಯವನ್ನೂ ಬಹುಮಂದಿ ಕೊಂಡಾಡಿದರು. ಮೈಸೂರಿನ ಕಾಡಿಗೂ ಡೆನ್‌ಹ್ಯಾಮಿನ ಕಾಡಿಗೂ ಹೊಂದಿಕೆಯಿಲ್ಲವೆಂದು ಆಕ್ಷೇಪಿಸಿದರು. ಈ ಆಕ್ಷೇಪಣೆ ನ್ಯಾಯವಾದುದೇ. ತೂಮಾಯಿಯ ತಂದೆಯಾಗಿಯೂ ಬೇಟೆಯ ಮುಖಂಡನಾಗಿಯೂ ಮುಖಕ್ಕೆ ಬಣ್ಣ ಬಳಿದುಕೊಂಡ ಆಂಗ್ಲ ನಟರು ಮಾತನಾಡತೊಡಗಿದೊಡನೆ, ಮಾವುತನ ನಿಜವಾದ ಮಗನು ಅವರ ನಡುವೆ ಪರದೇಶಿಯಂತೆ ಕಾಣುತ್ತಾನೆ.

ಆದರೆ ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಬರೆದ ಗ್ರಹಾಂ ಗ್ರೀನ್ ಮಹಾಶಯನ ಇನ್ನೊಂದು ಮಾತನ್ನು ನಾವು ಒಪ್ಪಲಾರೆವು. ವರುಷಕ್ಕೂ ಮೇಲ್ಪಟ್ಟು ಹಿಂದೂಸ್ಥಾನದಲ್ಲಿದ್ದು ಫ್ಲಾಹರ್ಟಿ ತಂದದ್ದೇನು, ಹೊಳೆಯಲ್ಲಿ ಆನೆಗಳನ್ನು ತೊಳೆಯುವ ಒಂದು ದೃಶ್ಯ, ಒಂದಿಷ್ಟು ಸಂತೆ, ವಿಗ್ರಹ, ಕಾಡು, ಇಷ್ಟೇ ಅಲ್ಲವೆ ಎಂಬುದು ಆತನ ಮೂದಲಿಕೆಯ ಸಾರ. ಬಲ್ಲ ಕಾದಂಬರಿಕಾರನೇ ಹೌದು. ಆದರೆ ಆನೆಯನ್ನು ತೊಳೆಯುವುದೆಂದರೇನೆಂಬುದನ್ನು ಆತನಿಗೆ ಯಾರೂ ಹೇಳಿದಂತೆ ಕಾಣುವುದಿಲ್ಲ. ಮಾವುತನೂ ಕಾವಾಡಿಯೂ ಆನೆಯನ್ನು ನೀರಿನಲ್ಲಿ ಮಗ್ಗುಲಾಗಿ ಕೆಡೆಯಿಸಿ ಮೈಯುಜ್ಜುವ ಹೊತ್ತಿನಲ್ಲಿಯೇ ಗಾಯವೆಲ್ಲಿ, ಬಾವು ಎಲ್ಲಿ, ಪಾದ ಒಡೆದಿದೆಯೆ ಎಂದು ನೋಡುವುದು. ಮೃಗವು ಮನುಷ್ಯನ ಕೈಗೆ ಒಗ್ಗುವುದೂ, ಹುಡುಗನು ತಂದೆಯಿಂದ ವಿದ್ಯೆ ಕಲಿಯುವುದೂ ಅಲ್ಲಿಯೇ. ಅಂಕುಶದಿಂದ ಆಗದುದು ಅಲ್ಲಿ ಆಗುತ್ತದೆ. ಲಂಡನ್ನಿನಲ್ಲಿ ಅಲ್ಪವೆನಿಸಿದ ಆ ದೃಶ್ಯವೇ ನಮ್ಮ ಕಣ್ಣಿಗೆ ಚಿತ್ರದ ಜೀವ. ಹುಲಿ, ಬಂದೂಕು, ಪೀಟರ್ಸನ್ ಸಾಹೇಬನ ದರ್ಪಗಳೆಲ್ಲ ಮೇಲಿನ ಅಲಂಕಾರ.

ಸಾಹೇಬನ ಮಾತು ಬಂದುದರಿಂದ ಒಂದು ನುಡಿ. ಮೈಸೂರು ಸೀಮೆಯಲ್ಲಿ 1874ರಲ್ಲಿ ಖೆಡ್ಡಾವನ್ನು ಫಲಕಾರಿಯಾಗಿ ನಡೆಸಿ ತೋರಿಸಿದವನು ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಹಿಂಡಿನ ಜಾಡನ್ನು ಹಿಡಿದವರು ಕುರುಬರು. ಹಿಡಿದ ಆನೆಯ ಕೊರಳಿಗೆ ಹಗ್ಗ ಹಾಕಿದವರು ಮಾವುತರು. ಆ ಶ್ರಮದ ಲೆಕ್ಕವನ್ನು ಚಿತ್ರವೂ ಸರಿಯಾಗಿ ಇಡಲಿಲ್ಲ, ವಿಮರ್ಶಕರೂ ಕೇಳಲಿಲ್ಲ. ಸಾಬುವಿನ ಮುಂದಿನ ಚಿತ್ರ ‘ದಿ ಡ್ರಮ್’ 1938ರಲ್ಲಿ ಮುಂಬಯಿಯಲ್ಲಿ ತೋರಿಸಲ್ಪಟ್ಟಾಗ ಸಾಮ್ರಾಜ್ಯದ ಹೊಗಳಿಕೆಯೆಂದು ಜನರು ಬೀದಿಗಿಳಿದು ಪ್ರತಿಭಟಿಸಿದರು. ಕೋಪವು ಯುಕ್ತವೇ, ಹುಡುಗನ ಮೇಲೆ ಮಾತ್ರ ಅದನ್ನು ಹೊರಿಸುವುದು ಯುಕ್ತವಲ್ಲ. ಅವನು ಮುಂದೆ ಅಮೆರಿಕೆಯ ಪ್ರಜೆಯಾಗಿ, 1963ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡನು.

ಕಾಕನಕೋಟೆಯ ಕಡೆಯ ಖೆಡ್ಡಾ ನಡೆದುದು 1971ರಲ್ಲಿ. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು, ಆ ಹಳೆಯ ನೆಲದ ಬಹುಭಾಗ ಹಿನ್ನೀರಿನ ತಳಕ್ಕೆ ಹೋಯಿತು. ಈಗ ನೀರಿನ ಒಂದು ಮಗ್ಗುಲಿಗೆ ನಾಗರಹೊಳೆ, ಇನ್ನೊಂದು ಮಗ್ಗುಲಿಗೆ ಬಂಡೀಪುರದ ಎನ್. ಬೇಗೂರು ವಲಯ. ಬೇಸಗೆಯಲ್ಲಿ ನೀರಿಳಿದಾಗ ಆನೆಗಳು ಅಲ್ಲಿ ಹಿಂಡುಗಟ್ಟಿ ಮೇಯುವುದನ್ನು ನೋಡಲು ದೂರದೇಶಗಳಿಂದ ಜನರು ಬರುತ್ತಾರೆ. ಮುಳುಗುವುದಕ್ಕೆ ಮುಂಚೆ ಆ ಸೀಮೆ ಹೇಗಿತ್ತೆಂಬುದನ್ನು ಓಡಾಡುವ ಚಿತ್ರವಾಗಿ ತೋರಿಸುವ ಸಾಧನಗಳಲ್ಲಿ, ವಿಲಾಯಿತಿಯವರು ಅರೆಮನಸ್ಸಿನಿಂದ ಹೊಗಳಿದ ಈ ಚಿತ್ರವೂ ಒಂದು.

ಅರಣ್ಯ ಇಲಾಖೆಯವರೂ ವಾರ್ತಾ ಇಲಾಖೆಯವರೂ ಮನಸ್ಸು ಮಾಡಿದರೆ ಇದು ದೊಡ್ಡ ವೆಚ್ಚದ ಕೆಲಸವಲ್ಲ. ಎನ್. ಬೇಗೂರಿನ ಬಯಲಿನಲ್ಲಿ ಒಂದು ಸಂಜೆ ಪರದೆ ಕಟ್ಟಿಸಿ, ಆಂಗ್ಲ ಸಂಭಾಷಣೆಯನ್ನು ಕನ್ನಡದಲ್ಲಿ ಹೇಳಬಲ್ಲ ಒಬ್ಬರನ್ನು ನಿಲ್ಲಿಸಿ, ಸುತ್ತಣ ಹಾಡಿಗಳ ಜನರಿಗೂ ಆನೆಶಿಬಿರಗಳ ಮಾವುತರಿಗೂ ಈ ಚಿತ್ರವನ್ನು ತೋರಿಸಲಿ. ಆನೆ ತೊಳೆಯುವ ದೃಶ್ಯವನ್ನು ನೋಡಿ ಅವರಲ್ಲೊಬ್ಬರು ಹೇಳುವ ವಿಮರ್ಶೆಯನ್ನು ಇದೇ ಪುಟದಲ್ಲಿ ಅಚ್ಚುಮಾಡಲು ನಾವು ಸಿದ್ಧರಿದ್ದೇವೆ.