ಗಾಡಿ ನಿಲ್ಲಿಸುವ ಜಾಗ ಯಾರದು?

ಚಾಳಿನಲ್ಲಿ ಬಾಳಿದ ನಮ್ಮ ಹಿರಿಯರಿಗೆ ನೆರೆಯವರೊಡನೆ ಜಗಳವಾಡಲು ಇದ್ದ ಸ್ಥಳಗಳು ಮೂರೇ: ನಲ್ಲಿಕಟ್ಟೆ, ಸಂಡಾಸಿನ ಸಾಲು ಮತ್ತು ಗ್ಯಾಲರಿ. ವಾಹನವೆಂದರೆ ಹೆಚ್ಚೆಂದರೆ ಒಂದು ಸೈಕಲ್ಲು. ಅದನ್ನು ಹೊತ್ತು ಮಾಳಿಗೆಗೆ ಏರಿಸಿ ಬಾಗಿಲ ಹೊರಗೆ ಒರಗಿಸಿದರೆ ತೀರಿತು. ಮೋಟಾರು ಧಣಿಗಳ ಸೊತ್ತಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬೀದಿಗಿಳಿದ ಬಳಿಕ ಕಾಲ ಬದಲಾಯಿತು. ಬ್ಯಾಂಕುಗಳ ಸಾಲ ಸುಲಭವಾದಂತೆ ಗುಮಾಸ್ತನ ಮನೆಗೂ ಕಾರು ಬಂತು, ಹೋಟೆಲಿನ ಮ್ಯಾನೇಜರನ ಮಗನಿಗೆ ಮೋಟಾರ್ ಸೈಕಲ್ ಬಂತು. ಆದರೆ ಡೊಂಬಿವಲಿ, ಭಾಂಡುಪ್, ದಹಿಸರಗಳಲ್ಲಿ ನಮ್ಮವರು ಹೊಟ್ಟೆಬಟ್ಟೆ ಕಟ್ಟಿ ಕೊಂಡ ಒಂದು ಕೋಣೆ-ಅಡುಗೆಮನೆಯ ಕಟ್ಟಡಗಳ ಅಂಗಳ ಮಾತ್ರ ಇದ್ದಷ್ಟೇ ಇದೆ.

ಮುಂಬಯಿಯಲ್ಲಿ ಆ ಅಂಗಳದ ಬೆಲೆ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ನಗರದ 1991ರ ಅಭಿವೃದ್ಧಿ ನಿಯಮಗಳು ದೊಡ್ಡ ಕಾರಿಗೆ ಎರಡೂವರೆ ಮೀಟರು ಅಗಲ, ಐದೂವರೆ ಮೀಟರು ಉದ್ದದ ಜಾಗವನ್ನು ವಿಧಿಸಿದ್ದವು. ಎಂದರೆ ಸುಮಾರು 148 ಚದರ ಅಡಿ. ವರಳಿ, ನಾಯಗಾಂವ್‌ಗಳಲ್ಲಿ 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳ ಕೋಣೆ 160 ಚದರ ಅಡಿ. ಮೂರು ತಲೆಮಾರು ಉಂಡು ಮಲಗಿ ಮದುವೆ ಮುಂಜಿ ನಡೆಸಿದಷ್ಟು ನೆಲವನ್ನು ಇಂದು ಒಂದು ಕಾರು ಬೇಡುತ್ತಿದೆ. ಹೀಗಿರಲು ಅದಕ್ಕಾಗಿ ಸಜ್ಜನರೂ ಕೈಕೈ ಮಿಲಾಯಿಸುವುದರಲ್ಲಿ ಆಶ್ಚರ್ಯವೇನು?

ಈ ಜಗಳದಲ್ಲಿ ಎಲ್ಲರಿಗಿಂತ ಮೊದಲು ಸೋಲುವವನು ಹೋಟೆಲಿನವನೆಂಬುದನ್ನು ಇಲ್ಲಿ ಹೇಳಲೇಬೇಕಾಗಿದೆ. ಅನೇಕ ಸೊಸಾಯಿಟಿಗಳಲ್ಲಿ ಯಾರಿಗೂ ಗೊತ್ತಾದ ಜಾಗವೆಂಬುದಿಲ್ಲ. ಸಂಜೆ ಯಾರು ಮೊದಲು ಬರುವರೋ ಅವರ ಗಾಡಿ ಒಳಗೆ, ಉಳಿದವರದು ಬೀದಿಗೆ. ಆಫೀಸಿನವರು ಏಳಕ್ಕೆ ಬಂದು ನಿಲ್ಲಿಸಿಬಿಡುತ್ತಾರೆ. ಗಿರಾಕಿಗಳು ಎದ್ದ ಮೇಲೆ ಗಲ್ಲಾ ಎಣಿಸಿ, ಭಟ್ಟಿ ಆರಿಸಿ, ಷಟರ್ ಎಳೆದು ರಾತ್ರಿ ಒಂದು ಗಂಟೆಗೆ ಸ್ಕೂಟರಿನಲ್ಲಿ ಬರುವವನಿಗೆ ಉಳಿಯುವುದು ಗೇಟಿನ ಹೊರಗಿನ ಚರಂಡಿಯ ಅಂಚು. ಅವನು ಇನ್ನೊಬ್ಬರ ಕಾರಿನ ಹಿಂದೆ ತುರುಕಿಸಿಟ್ಟನೆಂದರೆ ಬೆಳಿಗ್ಗೆ ಟಯರಿನಲ್ಲಿ ಗಾಳಿಯಿರುವುದಿಲ್ಲ. ತಿಂಗಳು ತಿಂಗಳೂ ಮೇಂಟೆನೆನ್ಸ್ ಮಾತ್ರ ಅವನೂ ಕಟ್ಟುತ್ತಾನೆ.

ಹೀಗೆ ಮಾಡುವ ಸಮಿತಿಯವರನ್ನು ಕೇಳಿದರೆ ‘ಮೊದಲು ಬಂದವರಿಗೆ ಮೊದಲು’ ಎಂಬುದು ಕಾನೂನೆಂದು ಹೇಳುತ್ತಾರೆ. ಮಹಾರಾಷ್ಟ್ರದ ಗೃಹನಿರ್ಮಾಣ ಸಹಕಾರಿ ಸಂಘಗಳ ಮಾದರಿ ಉಪನಿಯಮಗಳಲ್ಲಿ ಆ ಮಾತು ಇರುವುದು ದಿಟ. ಆದರೆ ಅದು ಜಾಗದ ಹಂಚಿಕೆಯ ಕುರಿತ ಮಾತು. ಪ್ರತಿ ಸಂಜೆ ಗೇಟಿಗೆ ಯಾರು ಮೊದಲು ಬಂದರೆಂಬ ಓಟದ ಪಂದ್ಯವಲ್ಲ. ಅರ್ಹ ಸದಸ್ಯರ ಗಾಡಿಗಳು ಇರುವ ಜಾಗಕ್ಕಿಂತ ಹೆಚ್ಚಾದರೆ ವರ್ಷಕ್ಕೊಮ್ಮೆ ಚೀಟಿ ಎತ್ತಿ ಹಂಚಬೇಕೆಂದು ಅದೇ ಉಪನಿಯಮಗಳು ಹೇಳುತ್ತವೆ. ಒಬ್ಬನಿಗೆ ಎರಡನೆಯ ಜಾಗ ಸಿಗುವುದು ಬೇರೆ ಯಾರಿಗೂ ಬೇಡವಾಗಿ ಉಳಿದಾಗ ಮಾತ್ರ, ಅದೂ ಒಂದೊಂದು ವರ್ಷದ ಮಟ್ಟಿಗೆ. ಚೀಟಿಯಲ್ಲಿ ಹೆಸರು ಬಂದವನ ಜಾಗ ರಾತ್ರಿ ಒಂದು ಗಂಟೆಗೂ ಅವನದೇ. ಈ ಪದ್ಧತಿಗಿಂತ ನ್ಯಾಯವಾದುದು ನಮಗೆ ತೋಚುವುದಿಲ್ಲ.

‘ನಾನು ಬಿಲ್ಡರನಿಗೆ ರೊಕ್ಕ ಕೊಟ್ಟು ಕೊಂಡಿದ್ದೇನೆ, ಚೀಟಿಗೀಟಿ ನನಗೆ ಅನ್ವಯಿಸದು’ ಎನ್ನುವವರು ಪ್ರತಿ ಕಟ್ಟಡದಲ್ಲೂ ಇಬ್ಬರು ಮೂವರು ಇರುತ್ತಾರೆ. ಅವರ ವಾದಕ್ಕೆ ಉತ್ತರ ದೊರೆತದ್ದು ದಹಿಸರದ ಪಂಚಾಲಿ ಸೊಸಾಯಿಟಿಯ ಮೊಕದ್ದಮೆಯಲ್ಲಿ. ಕಂಬಗಳ ಮೇಲೆ ನಿಂತ ಕಟ್ಟಡದ ಅಡಿಯಲ್ಲಿರುವ, ಸ್ಟಿಲ್ಟ್ ಎಂದು ಕರೆಯುವ ತೆರವಿನ 25 ಪಾರ್ಕಿಂಗ್ ಜಾಗಗಳು ತನ್ನವೆಂದು ಬಿಲ್ಡರ್ ಕಂಪೆನಿ ದಾವೆ ಹೂಡಿತ್ತು. ಸಿಟಿ ಸಿವಿಲ್ ಕೋರ್ಟಿನಲ್ಲಿ ಸೋತಿತು, ಮುಂಬಯಿ ಹೈಕೋರ್ಟಿನಲ್ಲಿ ಸೋತಿತು, ಸುಪ್ರೀಂ ಕೋರ್ಟಿಗೆ ಹೋಯಿತು. 2010ರ ಆಗಸ್ಟ್ 31ರಂದು ನ್ಯಾಯಮೂರ್ತಿ ಆರ್. ಎಂ. ಲೋಧಾ ಮತ್ತು ಎ. ಕೆ. ಪಟ್ನಾಯಕ್ ಅವರ ಪೀಠವು ಅಪೀಲನ್ನು ವಜಾಗೊಳಿಸಿತು. 1963ರ ಮಹಾರಾಷ್ಟ್ರ ಫ್ಲ್ಯಾಟು ಮಾಲಿಕತ್ವದ ಕಾಯಿದೆಯ ಪ್ರಕಾರ ಸ್ಟಿಲ್ಟಿನ ಜಾಗ ಫ್ಲ್ಯಾಟೂ ಅಲ್ಲ, ಗ್ಯಾರೇಜೂ ಅಲ್ಲ. ಅದು ಕಟ್ಟಡದ ಸಾಮಾನ್ಯ ಸೊತ್ತು, ಅದನ್ನು ಬಿಡಿಯಾಗಿ ಮಾರಲು ಬಿಲ್ಡರನಿಗೆ ಹಕ್ಕಿಲ್ಲ ಎಂಬುದು ತೀರ್ಪಿನ ಸಾರ. ಹಳೆಯ ಕಟ್ಟಡಗಳಲ್ಲಿರುವ ನಮ್ಮವರು ಈ ತೀರ್ಪನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಹೊಸ ಕಟ್ಟಡಗಳ ಮಾತು ತುಸು ಬೇರೆ. 2016ರ ಕೇಂದ್ರ ಕಾಯಿದೆ, ಜನರು ರೇರಾ ಎನ್ನುವುದು, ತೆರೆದ ಪಾರ್ಕಿಂಗ್ ಜಾಗವನ್ನು ಸಾಮಾನ್ಯ ಸೊತ್ತಿಗೆ ಸೇರಿಸಿದೆ, ಅದನ್ನು ಮಾರುವಂತಿಲ್ಲ. ಮಾಡೂ ಮೂರು ಕಡೆ ಗೋಡೆಯೂ ಇದ್ದರೆ ಅದು ಗ್ಯಾರೇಜು. ಮಾಡಿನ ಕೆಳಗಿನ ಜಾಗಕ್ಕೆ ಬಿಲ್ಡರನು ಹಣ ಪಡೆಯುವುದಾದರೆ ಅದು ಕರಾರಿನಲ್ಲಿ ಬರೆದಿರಬೇಕು. ಕಂಬ ಅಡ್ಡ ಬಂದು ಕಾರಿನ ಬಾಗಿಲೇ ತೆರೆಯದ ಜಾಗಗಳನ್ನು ಕೊಟ್ಟ ದೂರುಗಳು ಬಂದದ್ದರಿಂದ, 2024ರಲ್ಲಿ ಮಹಾರೇರಾ ಪ್ರಾಧಿಕಾರವು ಜಾಗದ ನಂಬರು, ಉದ್ದ, ಅಗಲ, ಎತ್ತರ, ಎಲ್ಲಿದೆ ಎಂಬುದನ್ನೆಲ್ಲ ಕರಾರಿಗೆ ಲಗತ್ತಿಸಬೇಕೆಂದು ಆಜ್ಞೆ ಮಾಡಿತು. ಬಾಯಿಮಾತಿಗೆ ಬೆಲೆಯಿಲ್ಲ.

ಸ್ಕೂಟರು, ಮೋಟಾರ್ ಸೈಕಲ್, ರಿಕ್ಷಾ ಉಳ್ಳವರು ಇನ್ನೊಂದು ಸಂಗತಿ ಗಮನಿಸಬೇಕು. ಇವನ್ನು ಅಂಗಳದಲ್ಲಿ ನಿಲ್ಲಿಸಲು ಸಮಿತಿಯ ಅನುಮತಿಯನ್ನು ಮುಂಚಿತವಾಗಿ ಪಡೆದು ಮಹಾಸಭೆ ಗೊತ್ತುಮಾಡಿದ ಶುಲ್ಕ ಕೊಡಬೇಕೆಂದು ಮಾದರಿ ಉಪನಿಯಮಗಳಲ್ಲಿದೆ. ಅನುಮತಿಯ ಕಾಗದವಿಲ್ಲದೆ ಇಪ್ಪತ್ತು ವರ್ಷ ನಿಲ್ಲಿಸಿದ್ದರೂ ಜಗಳದ ದಿನ ಅದು ಉಪಯೋಗಕ್ಕೆ ಬಾರದು. ಬಾಡಿಗೆಗೆ ಇರುವವರು ತಮ್ಮ ಮನೆಯ ಮಾಲಿಕರ ಮೂಲಕವೇ ಕೇಳಬೇಕಾದೀತು. ಸೊಸಾಯಿಟಿಯ ಸಭೆಯಲ್ಲಿ ಅವರಿಗೆ ಮತವಿಲ್ಲ.

ಸಭೆಯ ಮಾತು ಬಂತು. ಶುಲ್ಕವೆಷ್ಟು, ಚೀಟಿ ಎಂದು, ಅತಿಥಿಗಳ ಗಾಡಿ ಎಲ್ಲಿ ಎಂಬುದೆಲ್ಲ ತೀರ್ಮಾನವಾಗುವುದು ಮಹಾಸಭೆಯಲ್ಲಿ. ವಾರ್ಷಿಕ ಮಹಾಸಭೆಯನ್ನು ಸೆಪ್ಟೆಂಬರ್ 30ರೊಳಗೆ ಕರೆಯಬೇಕೆಂಬುದು ಕಾಯಿದೆ. ಸಾಮಾನ್ಯವಾಗಿ ಕರೆಯುವುದು ಆದಿತ್ಯವಾರ ಬೆಳಿಗ್ಗೆ. ಆಫೀಸಿನವರಿಗೆ ಅದು ಬಿಡುವಿನ ಹೊತ್ತು, ಹೋಟೆಲಿನವರಿಗೆ ದೋಸೆ ಕಾವಲಿಯ ಮುಂದೆ ಬೆವರು ಒರೆಸಲೂ ಪುರಸೊತ್ತಿಲ್ಲದ ಹೊತ್ತು. ಹೀಗಾಗಿ ನಮ್ಮವರಿಲ್ಲದೆಯೇ ಗೊತ್ತುವಳಿಗಳು ಪಾಸಾಗುತ್ತವೆ. ಆಮೇಲೆ ಜಿನೆಯ ಮೇಲೆ ನಿಂತು ಕೂಗಾಡುವುದೊಂದೇ ಉಳಿಯುತ್ತದೆ. ಮನೆ ಗಂಡ-ಹೆಂಡಿರಿಬ್ಬರ ಹೆಸರಿನಲ್ಲಿದ್ದು, ಸೊಸಾಯಿಟಿಯ ದಾಖಲೆಯಲ್ಲಿ ಎರಡನೆಯ ಹೆಸರು ಆಕೆಯದಾಗಿದ್ದರೆ, ಗಂಡ ಬಾರದಿದ್ದಾಗ ಆಕೆ ಸಭೆಯಲ್ಲಿ ಕುಳಿತು ಮತ ಹಾಕಬಹುದು. ಇದನ್ನು ಉಪಯೋಗಿಸಿಕೊಂಡವರು ಬಹಳ ವಿರಳ. ಸಭೆಯನ್ನು ಮಧ್ಯಾಹ್ನ ನಾಲ್ಕಕ್ಕೆ ಇಡಿರೆಂದು ಕೇಳುವುದೂ ತಪ್ಪಲ್ಲ. ಆ ಹೊತ್ತಿಗೆ ಊಟದ ಗದ್ದಲ ಮುಗಿದಿರುತ್ತದೆ.

ಇಷ್ಟಾಗಿಯೂ ಸಮಿತಿ ಕಿವಿಗೊಡದಿದ್ದರೆ ಪಾರ್ಕಿಂಗಿನ ತಕರಾರನ್ನು ಸಹಕಾರಿ ನ್ಯಾಯಾಲಯಕ್ಕೆ ಒಯ್ಯಬಹುದು. ಅದು ದೀರ್ಘವಾದ ದಾರಿ, ಖರ್ಚಿನದೂ ಹೌದು. ಒಂದೇ ಜಿನೆ ಹತ್ತಿಳಿಯುವವರು ವರ್ಷಗಟ್ಟಲೆ ವಾದಿ ಪ್ರತಿವಾದಿಗಳಾಗಿ ಮುಖ ತಿರುವಿಕೊಂಡಿರಬೇಕಾಗುತ್ತದೆ. ಅದಕ್ಕೆ ಮೊದಲು ಒಂದು ಅರ್ಜಿ ಸಾಕಾದೀತು. ಫ್ಲ್ಯಾಟಿನ ನಂಬರು, ಗಾಡಿಯ ನಂಬರು, ಕೆಲಸದಿಂದ ಮನೆಗೆ ಬರುವ ಹೊತ್ತು ಬರೆದು, ಉಪನಿಯಮದಂತೆ ಚೀಟಿ ಎತ್ತಿ ವಾರ್ಷಿಕ ಹಂಚಿಕೆ ಮಾಡಬೇಕೆಂದೂ ಈ ವಿಷಯವನ್ನು ಮಹಾಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದೂ ಕೇಳಿಕೊಳ್ಳಬೇಕು. ಕಾಗದ ಪತ್ರದ ರೂಢಿಯುಳ್ಳ ಗುಮಾಸ್ತ ಬಂಧುಗಳು ಪಕ್ಕದ ಮನೆಯ ಹೋಟೆಲಿನವನಿಗೆ ಇದನ್ನು ಬರೆದುಕೊಡಲು ಅರ್ಧ ತಾಸು ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಾರ್ಯದರ್ಶಿಯ ಸಹಿ, ತಾರೀಕು, ಸೊಸಾಯಿಟಿಯ ಮೊಹರು ಹಾಕಿಸಿಕೊಂಡು ಜೋಪಾನವಾಗಿ ಇಡತಕ್ಕದ್ದು.