ತಾಳ ತಪ್ಪಿದರೆ ಹೇಳುವುದು ಹೇಗೆ?



ನಮ್ಮದು ಕನಕಗಿರಿ ಸೀಮೆಯ ನವಲಿ. ಭೋಗಾಪುರೇಶನ ಗುಡಿ ಇರುವ ಊರು. ಇಲ್ಲಿ ಶ್ರಾವಣ ಬಂತೆಂದರೆ ಭಜನೆ ಇದ್ದೇ ಇರುತ್ತದೆ. ಪೇಟಿ, ಡಗ್ಗಾ ಗಂಡಸರ ಕೈಯಲ್ಲಿ. ನಾವು ಹೆಂಗಸರು ಹಿಂದೆ ಕೂತು ಸೊಲ್ಲು ಎತ್ತುವವರು. ಈಗ ನಾವೂ ಒಂದು ಮೇಳ ಕಟ್ಟಿದ್ದೇವೆ. ಹನ್ನೊಂದು ಮಂದಿ ಇದ್ದೇವೆ. ರಾತ್ರಿ ಓದು ಬರಹದ ವರ್ಗ ಮುಗಿಯುತ್ತದೆ. ಆಮೇಲೆ ಅಲ್ಲೇ ಕೂತು ಹಾಡುತ್ತೇವೆ. ಪದದ ವಹಿ ನಾವೇ ಬರೆದುಕೊಂಡದ್ದು. ಅಕ್ಷರ ಸೊಟ್ಟ ಇವೆ. ಇರಲಿ, ನಮ್ಮವೇ.

ಮೇಳದಲ್ಲಿ ಒಬ್ಬ ದೊಡ್ಡವ್ವ ಇದ್ದಾಳೆ. ಹೆಸರು ಬೇಡ. ಮೇಳ ಕಟ್ಟೋಣ ಎಂದು ಮೊದಲು ಎದ್ದವಳು ಆಕೆಯೇ. ತಾಳ ಕೊಳ್ಳಲು ಹಾಲು ಮಾರಿದ ರೊಕ್ಕ ಕೊಟ್ಟವಳೂ ಆಕೆಯೇ. ಆದರೆ ಹಾಡಲು ಕೂತರೆ ಆಕೆಯ ತಾಳ ಒಂದು ಕಡೆ, ನಮ್ಮ ಪದ ಒಂದು ಕಡೆ. ದನಿಯೂ ಪೇಟಿಗೆ ಕೂಡುವುದಿಲ್ಲ.

ನಾವೇನು ಮಾಡಿದೆವು? ಎದುರಿಗೆ "ಭೇಷ್ ಆತು ದೊಡ್ಡವ್ವ" ಅಂದೆವು. ನಳದ ಹತ್ತಿರ ಕೊಡ ಇಟ್ಟುಕೊಂಡು ನಕ್ಕೆವು. ಗುಡಿಯಲ್ಲಿ ಹಾಡುವ ದಿನ ಸದ್ದಿಲ್ಲದೆ ಮೈಕನ್ನು ನಮ್ಮ ಕಡೆ ಸರಿಸಿದೆವು. ಆಕೆಗೆ ತಿಳಿಯಲಿಲ್ಲ ಅಂದುಕೊಂಡೆವು. ತಿಳಿದಿತ್ತು.

ಮರುದಿನದಿಂದ ಆಕೆ ಭಜನೆಗೆ ಬರಲಿಲ್ಲ. ವರ್ಗಕ್ಕೂ ಬರಲಿಲ್ಲ. ಆಗಷ್ಟೇ ಒತ್ತಕ್ಷರ ಕಲಿಯುತ್ತಿದ್ದಳು. ಪಾಟಿ ಗೋಡೆಯ ಮಾಡ ಸೇರಿತು. ನಾವು ಒಂದು ಹಾಡಿನ ಮಾತು ಮುಚ್ಚಿಟ್ಟೆವು. ಆಕೆಯ ಓದೇ ನಿಂತಿತು.

ತನ್ನ ತಪ್ಪು ತನಗೆ ಯಾಕೆ ಕೇಳುವುದಿಲ್ಲ? ಇದಕ್ಕೆ ಕಾರಣ ಇದೆ. ಬೇರೆಯವರ ದನಿ ನಮಗೆ ಗಾಳಿಯಲ್ಲಿ ಬಂದು ಕೇಳುತ್ತದೆ. ನಮ್ಮ ದನಿ ಮಾತ್ರ ಎರಡು ದಾರಿಯಲ್ಲಿ ಬರುತ್ತದೆ. ಒಂದು ಗಾಳಿಯ ದಾರಿ. ಇನ್ನೊಂದು ತಲೆಯ ಎಲುಬಿನ ದಾರಿ. ಎರಡೂ ಕಿವಿ ಬೆರಳಿನಿಂದ ಮುಚ್ಚಿ ಹಾಡಿ ನೋಡಿ. ದನಿ ತಲೆಯ ಒಳಗೇ ಗುಂಯ್ ಅನ್ನುತ್ತದೆ. ಅದಕ್ಕೇ ನಮ್ಮ ದನಿ ಜನರಿಗೆ ಕೇಳುವಂತೆ ನಮಗೆ ಕೇಳುವುದಿಲ್ಲ. ಮೊಬೈಲಿನಲ್ಲಿ ನಮ್ಮ ದನಿ ತುಂಬಿಕೊಂಡು ಕೇಳಿದರೆ "ಅಯ್ಯ, ಇದು ನಂದಾ?" ಅನಿಸುವುದು ಇದರಿಂದಲೇ. ಮೇಳದಲ್ಲಂತೂ ಸುತ್ತ ಹತ್ತು ದನಿ, ಡಗ್ಗಾ, ತಾಳ. ಆ ಗದ್ದಲದಲ್ಲಿ ತನ್ನ ದನಿ ಎಲ್ಲಿ ಜಾರಿತು ಎಂದು ಯಾರಿಗೆ ತಿಳಿದೀತು? ಪಕ್ಕದಲ್ಲಿ ಕೂತವರೇ ಹೇಳಬೇಕು.

ನಮ್ಮಲ್ಲಿ ಒಬ್ಬಳು ದೊಡ್ಡವ್ವನ ಮನೆಗೆ ಹೋದಳು. ಹತ್ತೂ ಮಂದಿ ಹೋಗಿ ಮುತ್ತಿದರೆ ಅದು ಪಂಚಾಯ್ತಿ ಆಗುತ್ತದೆ. ಭಜನೆಯ ಹಿಂದಿನ ದಿನ ಹೋಗಿ ಹೇಳಿದರೆ ಜೀವ ಹಾರುತ್ತದೆ. ಅದಕ್ಕೆ ಮುಂದಿನ ಭಜನೆ ಇನ್ನೂ ದೂರ ಇರುವಾಗ, ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಹೋದಳು. ದೊಡ್ಡವ್ವ ಜೋಳ ಹಸನು ಮಾಡುತ್ತಿದ್ದಳು.

"ದೊಡ್ಡವ್ವ, ಮೈಕ ಸರಿಸಿದ್ದು ನಾವ. ನಿನಗ ಹೇಳೂ ಧೈರ್ಯ ಆಗಲಿಲ್ಲ. ತಪ್ಪು ನಮ್ಮದು."

ದೊಡ್ಡವ್ವ ಮೊರ ಕೆಳಗಿಟ್ಟಳು. "ನನಗ ಹಾಡಾಕ ಬರಂಗಿಲ್ಲೇನ? ಖರೇ ಹೇಳು" ಅಂದಳು.

"ಬರತೈತಿ ಬಿಡು" ಅನ್ನುವುದು ಸುಲಭ ಇತ್ತು. ನಮ್ಮವಳು ಹಾಗೆ ಅನ್ನಲಿಲ್ಲ. "ಪಲ್ಲ ಚೊಲೊ ಹಾಡ್ತಿ. ನುಡಿ ಬಂತಂದ್ರ ನಿನ್ನ ತಾಳ ಮುಂದ ಓಡತೈತಿ. ದನಿ ಮ್ಯಾಲ ಹೋಗೂ ಕಡೆ ಪೇಟಿಗಿಂತ ಕೆಳಗ ಉಳಿತೈತಿ" ಅಂದಳು.

ಈ ಮಾತು ನಮಗೆ ವರ್ಗದಲ್ಲೇ ಕಲಿತದ್ದು. ನಾವು "ಅಮ್ಮ" ಬರೆಯಲು ಹೋಗಿ "ಅಮ" ಎಂದು ಬರೆದಿದ್ದೆವು. ಕಲಿಸುವಾಕೆ "ನಿನಗೆ ಬರೆಯಲು ಬರುವುದಿಲ್ಲ" ಅನ್ನಲಿಲ್ಲ. "ಇಲ್ಲಿ ಒತ್ತು ಬಿಟ್ಟಿದೆ ನೋಡು" ಅಂದಳು. ಒತ್ತು ಬಿಟ್ಟ ಜಾಗ ಕಂಡರೆ ತಿದ್ದಬಹುದು. "ಬರುವುದಿಲ್ಲ" ಎಂಬ ಮಾತನ್ನು ಎಲ್ಲಿ ಹಿಡಿದು ತಿದ್ದುವುದು?

ದೊಡ್ಡವ್ವ ಮತ್ತೆ ಬಂದಳು. ಆಗ ಪೇಟಿಯ ಹುಡುಗನನ್ನು ಕೇಳಿದೆವು. ಪೇಟಿಯಲ್ಲಿ ಕರಿ ಮನೆ, ಬಿಳಿ ಮನೆ ಇರುತ್ತವೆ. ಅವನು ಕರಿ ಒಂದರಲ್ಲಿ ಶ್ರುತಿ ಹಿಡಿಯುತ್ತಿದ್ದ. ಅದು ಗಂಡಸರ ಭಜನೆಯ ರೂಢಿ. ಹೆಂಗಸರು ಅದೇ ಮನೆಗೆ ಹಾಡಬೇಕಾದರೆ ದನಿಯನ್ನು ಬಹಳ ಮೇಲೆ ಎಳೆಯಬೇಕು. ಸಣ್ಣ ದನಿಯವರು ಹೇಗೋ ಎಳೆಯುತ್ತಾರೆ. ದೊಡ್ಡವ್ವನ ದನಿ ದಪ್ಪ, ಅದು ಅಷ್ಟು ಎತ್ತರ ಹೋಗದು. ಹುಡುಗ ಶ್ರುತಿಯನ್ನು ಕೆಳಗಿನ ಬಿಳಿ ಆರಕ್ಕೆ ಇಳಿಸಿದ. ಆವತ್ತು ಗೊತ್ತಾಯಿತು, ನಮ್ಮಲ್ಲಿ ಅರ್ಧ ಮಂದಿ ಇಷ್ಟು ದಿನ ಗಂಟಲು ಹರಿದುಕೊಂಡು ಹಾಡಿದ್ದೆವು. ನಕ್ಕಿದ್ದು ಮಾತ್ರ ಆಕೆಯನ್ನು ನೋಡಿ!

ದಪ್ಪ ದನಿ ಎಂದರೆ ಗಂಗೂಬಾಯಿ ಹಾನಗಲ್ ನೆನಪಾಗುತ್ತಾರೆ. ಅವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಮೊದಲು ಅವರದು ಸಣ್ಣ, ಎತ್ತರದ ದನಿ. ಮುಂದೆ ಗಂಟಲಿನ ಚಿಕಿತ್ಸೆ ಆದ ಮೇಲೆ ದನಿ ಗಂಡಸರ ದನಿಯಂತೆ ದಪ್ಪ ಆಯಿತು. ಅವರು ಹಾಡು ಬಿಡಲಿಲ್ಲ. ಹಳೆಯ ದನಿಗೆ ಹಂಬಲಿಸದೆ ಹೊಸ ದನಿಗೆ ತಕ್ಕ ಶ್ರುತಿಯಲ್ಲಿ ಹಾಡಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಗುರುಗಳು ಒಂದೇ ಸ್ವರಸಾಲನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. 2002ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. 2009ರಲ್ಲಿ ತೀರಿಕೊಳ್ಳುವವರೆಗೂ ಆ ದಪ್ಪ ದನಿಯೇ ಅವರ ಗುರುತು.

ಇನ್ನು ತಾಳ. ನಮ್ಮ ಬಹಳಷ್ಟು ಭಜನೆ ಪದ ಎಂಟು ಮಾತ್ರೆಯವು. ಎಂಟು ಎಣಿಸಿ ಮತ್ತೆ ಒಂದಕ್ಕೆ ಬರಬೇಕು. ದೊಡ್ಡವ್ವ ಏಳಕ್ಕೇ ಒಂದು ಹೊಡೆಯುತ್ತಿದ್ದಳು. ತಾಳ ಕೆಳಗಿಡಿಸಿ ತೊಡೆಯ ಮೇಲೆ ಎಣಿಸಲು ಹೇಳಿದೆವು. ಒನಕೆಯ ನೆನಪು ಮಾಡಿದೆವು. ಒಂದೇ ಒರಳಿಗೆ ಮೂರು ಮಂದಿ ಕುಟ್ಟುವಾಗ ಒಬ್ಬಳು ಅವಸರ ಮಾಡಿದರೆ ಒನಕೆಗೆ ಒನಕೆ ಬಡಿಯುತ್ತದೆ. ಹುಡುಗಿಯಾಗಿದ್ದಾಗ ಆಕೆಯೂ ಹಾಗೆ ಕುಟ್ಟಿದವಳೇ. "ಹೌದಲ್ಲ" ಅಂದಳು. ತೊಡೆಯ ಮೇಲೆ ಸರಿ ಬಂತು. ಹಾಡುತ್ತಾ ತಾಳ ಹಿಡಿದರೆ ಮತ್ತೆ ಓಡಿತು. ತಿಂಗಳಾದರೂ ಅಷ್ಟೇ.

ಆಗ ಇನ್ನೊಂದು ಮಾತು ಹೇಳಬೇಕಾಯಿತು. ಮೊದಲಿನ ಮಾತಿಗಿಂತ ಇದು ಕಷ್ಟ. "ದೊಡ್ಡವ್ವ, ಎರಡೂ ಕೂಡಿ ನಿನಗ ಆಗವಲ್ದು. ಹಾಡು ನಿಂದ ಇರಲಿ. ತಾಳ ಬ್ಯಾರೆ ಯಾರರ ಹಿಡೀಲಿ."

ಆಕೆಯ ಮುಖ ಬಾಡಿತು. "ತಾಳದ ರೊಕ್ಕ ನಂದು" ಅಂದಳು. ಯಾರೂ ಮಾತಾಡಲಿಲ್ಲ. ಹೌದು, ರೊಕ್ಕ ಆಕೆಯದೇ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ತಾಳ ಎತ್ತಿ ಪಕ್ಕದ ಸೊಸೆಯ ಕೈಗೆ ಕೊಟ್ಟಳು. "ದಾರ ಹರದೀತು, ಹುಷಾರು" ಅಂದಳು. ಆ ರಾತ್ರಿ ನಮ್ಮಲ್ಲಿ ಯಾರಿಗೂ ಸಮಾಧಾನ ಇರಲಿಲ್ಲ. ಖರೇ ಹೇಳಿದರೆ ಎಲ್ಲರೂ ನಗುತ್ತಾ ಮನೆಗೆ ಹೋಗುತ್ತಾರೆ ಅಂತೇನಿಲ್ಲ.

ಮರುದಿನ ಆಕೆ ವರ್ಗಕ್ಕೆ ಬಂದಳು. ಪಾಟಿಯೂ ಬಂತು. ಈಗ ಆಕೆ ಒತ್ತಕ್ಷರ ಮುಗಿಸಿದ್ದಾಳೆ. ತನ್ನ ಪದದ ವಹಿಯಲ್ಲಿ ದನಿ ಜಾರುವ ಕಡೆ ಪೆನ್ಸಿಲಿನಿಂದ ಒಂದು ಗೀಟು ಹಾಕಿಕೊಂಡಿದ್ದಾಳೆ. ಆ ಗೀಟು ಬಂದಾಗ ದನಿ ಸಣ್ಣ ಮಾಡಿ ಪೇಟಿ ಕೇಳುತ್ತಾಳೆ. ಮೊನ್ನೆ ನಮ್ಮ ವಹಿ ಇಸಿದುಕೊಂಡು ನೋಡಿದಳು. ಮೂರನೇ ನುಡಿಯ ಮುಂದೆ ಒಂದು ಗೀಟು ಹಾಕಿದಳು.

"ಇಲ್ಲಿ ನೀವೂ ಓಡ್ತೀರಿ" ಅಂದಳು.